ಆಯ್ದ ಹುಡುಗರ ಪಂದ್ಯ: ಒಂದು ವಿಚಾರ

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಒಮ್ಮೊಮ್ಮೆ ನೆಲವೇ ಡೊಂಕಾಗಿರುವುದೂ ಉಂಟು. ಆಟಗಾರರು ಮನಸ್ಸಿಟ್ಟು ಆಡದಿದ್ದಾಗ ತಪ್ಪು ಅವರದೋ, ಆಟದ ಏರ್ಪಾಡಿನದೋ ಎಂಬುದು ಯೋಚಿಸತಕ್ಕ ಪ್ರಶ್ನೆ. ಕೆನಡಾ ದೇಶದ ಕಿರಿಯರ ಹಾಕಿಯಲ್ಲಿ 2024ರಲ್ಲಿ ಆದ ಒಂದು ಬದಲಾವಣೆಯನ್ನು ಹಿಡಿದು ಇದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಹಾಕಿಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಮೈದಾನ, ಚೆಂಡು, ಕೊಡಗಿನ ಆಟಗಾರರು. ಕೆನಡಾದಲ್ಲಾದರೋ ಹಾಕಿಯೆಂದರೆ ಮಂಜುಗಡ್ಡೆಯ ಮೇಲಿನ ಆಟ. ಕಾಲಿಗೆ ಉಕ್ಕಿನ ಅಲಗು ಜೋಡಿಸಿದ ಬೂಟು; ಚೆಂಡಿಗೆ ಬದಲಾಗಿ ಪಕ್ ಎಂಬ ರಬ್ಬರಿನ ಬಿಲ್ಲೆ; ಗೋಲಿಯೂ ಸೇರಿ ಪಕ್ಷಕ್ಕೆ ಆರು ಮಂದಿ; ಇಪ್ಪತ್ತು ನಿಮಿಷಗಳ ಮೂರು ಅವಧಿ. ಹಿರಿಯ ವೃತ್ತಿ ಆಟಗಾರರ ಸಂಸ್ಥೆ ನ್ಯಾಷನಲ್ ಹಾಕಿ ಲೀಗ್. ಅದಕ್ಕೆ ಏಣಿಯಂತಿರುವುದು ಕೆನೇಡಿಯನ್ ಹಾಕಿ ಲೀಗ್. ಪಶ್ಚಿಮ ಪ್ರಾಂತ್ಯಗಳು, ಒಂಟಾರಿಯೋ, ಕ್ವಿಬೆಕ್ ಇವುಗಳ ಮೂರು ಲೀಗುಗಳು ಅದರಲ್ಲಿ ಸೇರಿವೆ. ಸುಮಾರು 60 ತಂಡಗಳಲ್ಲಿ ಹೆಚ್ಚಾಗಿ 16ರಿಂದ 20 ವರ್ಷದ ಹುಡುಗರು ಆಡುತ್ತಾರೆ. ಹದಿನೆಂಟರ ಹೊತ್ತಿಗೆ ಹಿರಿಯ ತಂಡಗಳು ಸರದಿಯಂತೆ ಇವರಲ್ಲಿ ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು.

ಮೊದಲು ಹಿರಿಯರ ಕಥೆಯನ್ನು ನೋಡೋಣ. 1934ರಲ್ಲಿ ಟೊರಾಂಟೊ ನಗರದಲ್ಲಿ, ತೀವ್ರವಾಗಿ ಗಾಯಗೊಂಡ ಏಸ್ ಬೈಲಿ ಎಂಬ ಆಟಗಾರನ ಸಹಾಯಾರ್ಥವಾಗಿ ಎಲ್ಲ ತಂಡಗಳ ಶ್ರೇಷ್ಠರು ಕೂಡಿ ಒಂದು ಪಂದ್ಯವಾಡಿದರು. 1947ರಿಂದ ಇಂಥ ಪಂದ್ಯ ವರ್ಷವರ್ಷವೂ ನಡೆಯತೊಡಗಿತು. ಆಗ ಒಂದು ಕಡೆ ಚಾಂಪಿಯನ್ ತಂಡ, ಇನ್ನೊಂದು ಕಡೆ ಉಳಿದವರಲ್ಲಿ ಆಯ್ದವರು. 1969ರಲ್ಲಿ ಪೂರ್ವ, ಪಶ್ಚಿಮ ಎಂದು ಪಂಗಡ ಮಾಡಿದರು. ಕಾಲಕ್ರಮದಲ್ಲಿ ಅದು ಸ್ಪರ್ಧೆಯಾಗಿ ಉಳಿಯದೆ ಉತ್ಸವವಾಯಿತು. ಸಾಮಾನ್ಯ ಪಂದ್ಯದಲ್ಲಿ ಎರಡೂ ಪಕ್ಷ ಸೇರಿ ಆರು ಗೋಲಿನ ಆಸುಪಾಸಿನಲ್ಲಿರುತ್ತದೆ. 1993ರ ಆಯ್ದವರ ಪಂದ್ಯದಲ್ಲಿ 16–6, 2015ರಲ್ಲಿ 17–12! ತಡೆಯುವವರಿಲ್ಲದ ಮೇಲೆ ಗೋಲಿಗೇನು ಬೆಲೆ? 2016ರಲ್ಲಿ ಪಕ್ಷಕ್ಕೆ ಮೂವರಂತೆ ಆಡಿಸಿ, ಗೆದ್ದವರಿಗೆ ಹತ್ತು ಲಕ್ಷ ಡಾಲರ್ ಇಟ್ಟರು. ಆದರೂ ಹಳೆಯ ಕಾವು ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಆ ಪಂದ್ಯವನ್ನೇ ಬಿಟ್ಟು, ಕೆನಡಾ, ಅಮೆರಿಕ, ಸ್ವೀಡನ್, ಫಿನ್ಲೆಂಡ್ ಈ ನಾಲ್ಕು ರಾಷ್ಟ್ರಗಳ ಪಂದ್ಯಾವಳಿ ನಡೆಸಿದರು. ಅದೇ ಆಟಗಾರರು ಈಗ ಪ್ರಾಣ ಒತ್ತೆಯಿಟ್ಟಂತೆ ಆಡಿದರು. ಅಂತಿಮ ಪಂದ್ಯದಲ್ಲಿ ಹೆಚ್ಚುವರಿ ಅವಧಿಗೆ ಹೋಗಿ ಕೆನಡಾ 3–2ರಿಂದ ಗೆದ್ದಿತು. ಆಟಗಾರರು ಬದಲಾಗಿರಲಿಲ್ಲ; ಏರ್ಪಾಡು ಬದಲಾಗಿತ್ತು.

ಕಿರಿಯರದು ಸ್ವಲ್ಪ ಭಿನ್ನ. 1996ರಿಂದ ಅವರಿಗೆ ‘ಟಾಪ್ ಪ್ರಾಸ್ಪೆಕ್ಟ್ಸ್’ ಎಂಬ ಪಂದ್ಯವಿತ್ತು. ಡ್ರಾಫ್ಟಿಗೆ ಅರ್ಹರಾದ 40 ಹುಡುಗರನ್ನು ಎರಡು ತಂಡ ಮಾಡಿ ಒಂದು ಸಂಜೆ ಆಡಿಸುವರು. ಹಿರಿಯ ತಂಡಗಳ ಪರೀಕ್ಷಕರು ಬಂದು ಕುಳಿತಿರುವರು. ಆದ್ದರಿಂದ ಇಲ್ಲಿ ಮೈಗಳ್ಳತನಕ್ಕೆ ಎಡೆಯಿರಲಿಲ್ಲ. ಆದರೆ ಪ್ರತಿಯೊಬ್ಬನೂ ತನ್ನ ಹೆಸರಿಗಾಗಿ ಆಡಬೇಕಾಗಿತ್ತೇ ಹೊರತು ತಂಡದ ಗೆಲವು ಯಾರಿಗೂ ಮುಖ್ಯವಲ್ಲ. 2024ರ ನವೆಂಬರಿನಲ್ಲಿ ಈ ಪದ್ಧತಿಯನ್ನು ಕೈಬಿಟ್ಟು, ಲೀಗಿನಿಂದ ಒಂದೇ ತಂಡವನ್ನು ಕಟ್ಟಿ, ಅಮೆರಿಕದ ರಾಷ್ಟ್ರೀಯ ತರಬೇತಿ ತಂಡದೆದುರು ಎರಡು ಪಂದ್ಯ ಆಡಿಸಿದರು. ಒಂಟಾರಿಯೋದ ಲಂಡನ್, ಓಷಾವಾ ಊರುಗಳಲ್ಲಿ ನಡೆದ ಎರಡನ್ನೂ ಕೆನೇಡಿಯನ್ ಲೀಗಿನ ಹುಡುಗರು ಗೆದ್ದರು.

ಇದರ ಗುಣವನ್ನು ಒಪ್ಪಲೇಬೇಕು. ಎದುರಾಳಿ ನಿಜವಾದ ಎದುರಾಳಿ. ಜೊತೆಗಾರನಿಗೆ ಪಕ್ ದಾಟಿಸುವ ಹುಡುಗನ ಬೆಲೆಯೂ ಇಲ್ಲಿ ಕಾಣುತ್ತದೆ. ಒಂದು ಸಂಜೆ ಕೆಟ್ಟರೆ ಇನ್ನೊಂದು ಸಂಜೆಯುಂಟು.

ಆದರೆ ನನ್ನ ಮನಸ್ಸು ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡಿದೆ. ಹಿಂದೆ 40 ಹುಡುಗರಿಗೆ ಸ್ಥಳವಿತ್ತು. ಈಗ ಒಂದೇ ತಂಡ, ಹೆಚ್ಚುಕಡಿಮೆ ಅರ್ಧ. ಮೊದಲ ಹತ್ತು ಮಂದಿಯನ್ನು ಪರೀಕ್ಷಕರು ಹೇಗೂ ಬಲ್ಲರು. ನಷ್ಟವಾಗುವುದು ಮೂವತ್ತನೆಯವನಿಗೆ, ದೂರದ ಸಣ್ಣ ಊರಿನವನಿಗೆ. ಇನ್ನೊಂದು ಮಾತು: ಹಳೆಯ ಪಂದ್ಯ ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತಿತ್ತು. ಋತು ಆರಂಭವಾಗುವುದು ಸೆಪ್ಟೆಂಬರಿನಲ್ಲಿ. ನವೆಂಬರಿಗೇ ಆರಿಸಿದರೆ ನಿಧಾನವಾಗಿ ಚಿಗುರುವವನ ಗತಿಯೇನು?

ಇದು ನನಗೆ ಬರಿಯ ಪರದೇಶದ ಸುದ್ದಿಯಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಪಿ.ಯು. ಓದುತ್ತಿದ್ದಾಗ ಖೋ ಖೋ ತಂಡದ ಆಯ್ಕೆ ಒಂದೇ ಮುಂಜಾನೆ ಮುಗಿಯಿತು. ನಮ್ಮೂರಿನ ಬಸ್ಸು ಬರುವಷ್ಟರಲ್ಲಿ ಪಟ್ಟಿ ಗೋಡೆಗೆ ಅಂಟಿತ್ತು. ಮಳೆಯಲ್ಲಿ ತೊಯ್ದ ಚೀಲ ಹಿಡಿದು ಆ ಪಟ್ಟಿಯನ್ನು ಎರಡು ಸಲ ಓದಿದೆ. ನಾನು ಒಳ್ಳೆಯ ಆಟಗಾರನಾಗಿದ್ದೆನೆಂದು ಹೇಳಲಾರೆ; ಹೌದೋ ಅಲ್ಲವೋ ಎಂಬುದು ಯಾರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ದುಃಖವಿರುವುದು ಅದರಲ್ಲಿ.

ಆದ್ದರಿಂದ ನನ್ನ ಸೂಚನೆ ಇಷ್ಟು. ಹೊಸ ಎದುರಾಳಿ ಇರಲಿ, ಎರಡು ಪಂದ್ಯಗಳೂ ಇರಲಿ. ಆದರೆ ಒಂದು ನವೆಂಬರಿನಲ್ಲಿ, ಇನ್ನೊಂದು ಜನವರಿಯಲ್ಲಿ ನಡೆಯಲಿ. ಎರಡನೆಯದಕ್ಕೆ ಬೇರೆ ಇಪ್ಪತ್ತು ಮಂದಿ ಬರಲಿ. ಸಾವಿರಾರು ಮೈಲಿಯ ಪ್ರಯಾಣದ ಖರ್ಚು ಎರಡು ಪಾಲಾಗುವುದೆಂದು ಆಕ್ಷೇಪಿಸಬಹುದು. ಸ್ವಂತ ತಂಡಗಳೂ ಎರಡು ಸಲ ಹುಡುಗರನ್ನು ಬಿಟ್ಟುಕೊಡಬೇಕು, ನಿಜ. ಆದರೆ ಯಾವ ತಂಡವೂ ಒಬ್ಬನೇ ಹುಡುಗನನ್ನು ಎರಡು ಸಲ ಕಳಿಸಬೇಕಾಗಿಲ್ಲ. ಆಯ್ಕೆಯೆಂಬುದು ಬಲ್ಲವರನ್ನು ಮೆರೆಸುವುದಕ್ಕಷ್ಟೇ ಅಲ್ಲ, ಅರಿಯದವರನ್ನು ಹುಡುಕುವುದಕ್ಕೂ ಎಂದು ನಂಬುವುದಾದರೆ ಉಳಿದ ಖರ್ಚು ದಂಡವಲ್ಲ.

ಕಾವಿಲ್ಲದ ಪಂದ್ಯ ಆಟವಲ್ಲ. ಬಾಗಿಲಿಲ್ಲದ ಪಂದ್ಯ ನ್ಯಾಯವಲ್ಲ. ಎರಡನ್ನೂ ಕೂಡಿಸುವ ನಿಯಮವೇ ಒಳ್ಳೆಯ ನಿಯಮ. ನಮ್ಮ ಕಾಲೇಜಿನ ತಂಡಗಳನ್ನು ಆರಿಸುವಾಗಲೂ, ಸಹಪಾಠಿಗಳೇ, ತಡವಾಗಿ ಬರುವ ಬಸ್ಸನ್ನು ಒಮ್ಮೆ ನೆನೆಯೋಣ. ನನ್ನ ವಿಚಾರದಲ್ಲಿ ದೋಷವಿದ್ದರೆ ಗುರುಗಳು ತಿದ್ದಬೇಕೆಂದು ಬೇಡುತ್ತೇನೆ.