ಬೆನ್ನುಹುರಿಗೆ ಪೆಟ್ಟಾದವರು ಮತ್ತೆ ಬೀಳುವುದೇಕೆ?

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದ್ದ ನಮ್ಮ ಚಿಕ್ಕಪ್ಪ ಆಸ್ಪತ್ರೆಯಲ್ಲಿ ಇನ್ನೊಮ್ಮೆ ಬಿದ್ದರು, ಮಂಚದಿಂದ ಗಾಲಿಕುರ್ಚಿಗೆ ಸರಿಯುವಾಗ. ಕುರ್ಚಿಗೆ ಬ್ರೇಕು ಹಾಕಿರಲಿಲ್ಲ. ಹಾಕಬೇಕಾಗಿದ್ದವನು ನಾನೇ.

ಆದರೆ ಇಂಥವರು ಬೀಳುವುದು ಅಜಾಗರೂಕತೆಯೊಂದರಿಂದಲೇ ಅಲ್ಲ. ಬೆನ್ನುಹುರಿಯು ಮೆದುಳಿನ ಆಜ್ಞೆಯನ್ನು ಕಾಲಿಗೆ ಒಯ್ಯುವುದಷ್ಟೇ ಅಲ್ಲದೆ, ನಡುವನ್ನು ನೆಟ್ಟಗಿಡುವ ಸ್ನಾಯುಗಳನ್ನೂ ರಕ್ತನಾಳಗಳ ಬಿಗಿಯನ್ನೂ ಆಳುತ್ತದೆ. ಕುತ್ತಿಗೆಯಲ್ಲೋ ಎದೆಯ ಮೇಲ್ಭಾಗದಲ್ಲೋ ಹುರಿಗೆ ಗಾಯವಾಗಿದ್ದರೆ, ಎದ್ದು ಕೂತೊಡನೆ ರಕ್ತವು ಕಾಲುಗಳಲ್ಲಿ ನಿಂತು, ಒತ್ತಡ ಕುಸಿದು, ಕಣ್ಣು ಕತ್ತಲಿಡುತ್ತದೆ. ಆದುದರಿಂದಲೇ ರೋಗಿಯನ್ನು ಓರೆಯಾಗಿ ಏರಿಸುವ ಹಲಗೆಯ ಮೇಲೆ ದಿನಕ್ಕಿಷ್ಟಿಷ್ಟೇ ಎತ್ತಿ ನಿಲ್ಲಿಸುತ್ತಾರೆ. ಕೆಲವೊಮ್ಮೆ ಕಾಲು ತಾನಾಗಿ ಸೆಟೆದು ಕುರ್ಚಿಯಿಂದಲೇ ಜಾರಿಸುವುದೂ ಉಂಟು.

ಇದಕ್ಕಿಂತ ಭಯಂಕರವಾದುದು, ಬಿದ್ದರೂ ನೋವಾಗದಿರುವುದು. “ಏನೂ ಆಗಿಲ್ಲ ಕಣೋ” ಎಂದು ಚಿಕ್ಕಪ್ಪ ನಕ್ಕರು. ಮರುದಿನ ತೊಡೆ ಊದಿತು, ಎಲುಬು ಮುರಿದಿತ್ತು. ಭಾರ ಹೊರದ ಕಾಲಿನ ಎಲುಬು ಬೇಗ ಸವೆಯುತ್ತದೆ.

ಹಾಗೆಂದು ಮಂಚದಲ್ಲೇ ಮಲಗಿಸಿಬಿಟ್ಟರೆ ಒತ್ತುಹುಣ್ಣು ಪ್ರಾಣ ತೆಗೆದೀತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ವಿಭಾಗವನ್ನು ತೆರೆದ ವೈದ್ಯ ಲುಡ್ವಿಗ್ ಗುಟ್‌ಮನ್, ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿದರು. 1948ರಲ್ಲಿ ಅಲ್ಲಿ 16 ಮಂದಿ ಗಾಲಿಕುರ್ಚಿಯಲ್ಲೇ ಕುಳಿತು ಬಿಲ್ಲುವಿದ್ಯೆಯಲ್ಲಿ ಸ್ಪರ್ಧಿಸಿದರು.

ಚಿಕ್ಕಪ್ಪ ಈಗ ಬ್ರೇಕನ್ನು ತಾವೇ ಮುಟ್ಟಿ ನೋಡಿಕೊಂಡು ಕುರ್ಚಿಗೆ ಸರಿಯುತ್ತಾರೆ.