ಮೊಮ್ಮಗುವಿಗೊಂದು ಮರದ ಕುರ್ಚಿ



ಜುಲೈ 26ರಂದು ಧರ್ಮಸಭೆಯು ಸಂತ ಜೋವಕಿಂ ಮತ್ತು ಸಂತ ಅನ್ನಮ್ಮನವರನ್ನು, ಎಂದರೆ ಪ್ರಭು ಯೇಸುವಿನ ಅಜ್ಜ-ಅಜ್ಜಿಯರನ್ನು ಸ್ಮರಿಸುತ್ತದೆ. ಪೋಪ್ ಫ್ರಾನ್ಸಿಸರು 2021ರಲ್ಲಿ ಅದೇ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವೆಂದು ಗೊತ್ತುಮಾಡಿದರು. ಆದರೂ ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಹಿರಿಯರು, "ಸ್ವಾಮಿ, ದುಡಿಯುವ ಕಾಲ ಮುಗಿಯಿತು, ಇನ್ನು ನನ್ನಿಂದ ಯಾರಿಗೇನು ಪ್ರಯೋಜನ?" ಎಂದು ಕೇಳುತ್ತಾರೆ. ಅವರಿಗೆ ಇಂದು ಒಂದು ಸಣ್ಣ ಕೆಲಸವನ್ನು ಸೂಚಿಸುತ್ತೇನೆ: ನಿಮ್ಮ ಕೈಯಾರೆ ಮೊಮ್ಮಗುವಿಗೊಂದು ಮರದ ಕುರ್ಚಿ ಮಾಡಿಕೊಡಿ.

"ಅಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಅಗ್ಗಕ್ಕೆ ಸಿಗುತ್ತದಲ್ಲ?" ಎನ್ನಬಹುದು. ನಿಜ, ಸಿಗುತ್ತದೆ. ಒಂದು ವಸ್ತು ಏಕಿದೆ ಎಂದು ತಿಳಿಯಲು ನಾಲ್ಕು ಕಾರಣಗಳನ್ನು ಕೇಳಬೇಕೆಂದು ತತ್ವಜ್ಞಾನಿ ಅರಿಸ್ಟಾಟಲ್ ಹೇಳಿದ. ಸಂತ ತೋಮಾಸ್ ಅಕ್ವಿನಾಸರೂ ಅದೇ ದಾರಿಯಲ್ಲಿ ನಡೆದರು. ಯಾವುದರಿಂದ ಆಯಿತು? ಯಾವ ರೂಪದಲ್ಲಿ? ಯಾರಿಂದ? ಯಾತಕ್ಕಾಗಿ? ನಮ್ಮ ಪುಟ್ಟ ಕುರ್ಚಿಗೂ ಈ ನಾಲ್ಕು ಪ್ರಶ್ನೆಗಳನ್ನು ಹಾಕಿ ನೋಡೋಣ.

1. ಯಾವುದರಿಂದ?

ಹಲಸು, ತೇಗ, ಬೇವು, ಯಾವುದಾದರೂ ಆದೀತು. ಆದರೆ ಹಸಿ ಮರ ಬೇಡ. ಮರ ಒಣಗುವಾಗ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಆಗ ಬಿಗಿಯಾಗಿದ್ದ ಜೋಡಣೆ ಸಡಿಲವಾಗುತ್ತದೆ. ಒಂದು ಅಂಗುಲ ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕೆಂಬುದು ಬಡಗಿಗಳ ಲೆಕ್ಕ. ಅಷ್ಟು ಕಾಯಲಾಗದಿದ್ದರೆ ಹಳೆಯ ಮಂಚದ ಮರ ಒಳ್ಳೆಯದು. ಆದರೆ ಹಳೆಯ ಬಣ್ಣ ಬಳಿದ ಮರವನ್ನು ಮುಟ್ಟಬೇಡಿ. ಅದರಲ್ಲಿ ಸೀಸವಿರಬಹುದು, ಉಜ್ಜಿದ ಧೂಳು ಮಗುವಿಗೆ ವಿಷ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ.

2. ಯಾವ ರೂಪದಲ್ಲಿ?

ದೊಡ್ಡ ಕುರ್ಚಿಯನ್ನು ಚಿಕ್ಕದು ಮಾಡಿದರೆ ಮಗುವಿನ ಕುರ್ಚಿಯಾಗದು. ಮಗುವಿನ ಮಂಡಿಯ ಹಿಂಬದಿಯಿಂದ ಅಂಗಾಲಿನವರೆಗೆ ಅಳತೆ ತೆಗೆಯಿರಿ. ಆಸನದ ಎತ್ತರ ಅಷ್ಟೇ ಇರಲಿ. ಮೂರು ವರ್ಷದ ಮಗುವಿಗೆ ಸುಮಾರು ಹತ್ತು ಅಂಗುಲ. ಪಾದಗಳೆರಡೂ ನೆಲಕ್ಕೆ ಊರಬೇಕು. ಕುರ್ಚಿ ಮಗುಚದಂತೆ ಕಾಲುಗಳು ಕೆಳಗೆ ತುಸು ಹೊರಚಾಚಿರಲಿ, ಮರದ ಎಳೆ ಕಾಲಿನ ಉದ್ದಕ್ಕೇ ಸಾಗಲಿ. ಗಮನಿಸಿ, ಮಗುವನ್ನು ಹತ್ತಿರ ಕರೆದು ನಿಲ್ಲಿಸಿಕೊಳ್ಳದೆ ಅಳತೆ ತೆಗೆಯಲಾಗದು. ಪ್ರೀತಿಯೂ ಹಾಗೆಯೇ. ನಮ್ಮ ಅಳತೆಯನ್ನು ಬದಿಗಿಟ್ಟು ಮಗುವಿನ ಅಳತೆಗೆ ಬಾಗುತ್ತದೆ. ದೇವಪುತ್ರರು ಮನುಷ್ಯರಾದಾಗ ನಮ್ಮ ಅಳತೆಗೆ ಬಾಗಲಿಲ್ಲವೇ?

3. ಯಾರಿಂದ?

ಒಂದು ತುಂಡಿನಲ್ಲಿ ಉಳಿಯಿಂದ ಚೌಕ ತೂತು ತೆಗೆದು, ಇನ್ನೊಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಕೂಡಿಸಿದರೆ ಬರಿಯ ಮೊಳೆ ಹೊಡೆದದ್ದಕ್ಕಿಂತ ಬಲವಾಗಿ ನಿಲ್ಲುತ್ತದೆ. ಕೈ ನಡುಗುತ್ತಿದ್ದರೆ ಊರ ಬಡಗಿ ಕೊಯ್ದುಕೊಡಲಿ. ಅಂಚುಗಳನ್ನು ನುಣುಪಾಗಿ ಉಜ್ಜುವ ಕೆಲಸ, ಜೇನುಮೇಣ ತಿಕ್ಕುವ ಕೆಲಸ ನಿಮ್ಮದಾಗಲಿ. ಶುಭಸಂದೇಶದಲ್ಲಿ ಯೇಸುವನ್ನು ಊರಿನವರು ಗುರುತಿಸಿದ್ದು ಕೈಕೆಲಸದಿಂದಲೇ. ಅಲ್ಲಿನ ಗ್ರೀಕ್ ಪದ 'ಟೆಕ್ಟೋನ್' ಮರ ಮುಂತಾದವುಗಳಿಂದ ಕಟ್ಟುವ ಕುಶಲಕರ್ಮಿಯನ್ನು ಸೂಚಿಸುತ್ತದೆ. ಪೋಪ್ ಹನ್ನೆರಡನೇ ಪಿಯುಸರು 1955ರಲ್ಲಿ ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವಾಗಿಸಿದರು. ಕೆಲಸದ ಘನತೆ ಅದನ್ನು ಮಾಡುವ ವ್ಯಕ್ತಿಯಲ್ಲಿದೆಯೇ ಹೊರತು ಬರುವ ಹಣದಲ್ಲಿಲ್ಲವೆಂಬುದು 1981ರಲ್ಲಿ ಎರಡನೇ ಜಾನ್ ಪಾಲರು ದುಡಿಮೆಯ ಕುರಿತು ಬರೆದ ವಿಶ್ವಪತ್ರದ ತಿರುಳು. ಪಿಂಚಣಿಯೊಂದಿಗೆ ಈ ಘನತೆ ಮುಗಿಯುವುದಿಲ್ಲ.

4. ಯಾತಕ್ಕಾಗಿ?

ಇದು ಕಡೆಯ ಪ್ರಶ್ನೆಯಾದರೂ ಮೊದಲು ಕೇಳಬೇಕಾದದ್ದು. ಗುರಿ ಮನಸ್ಸಿನಲ್ಲಿ ಮೊದಲು ಹುಟ್ಟಿ, ಕೈಯಲ್ಲಿ ಕೊನೆಗೆ ನೆರವೇರುತ್ತದೆ ಎಂದು ಅಕ್ವಿನಾಸರು ಕಲಿಸುತ್ತಾರೆ.

ಆದಿಕಾಂಡದಲ್ಲಿ ಯಕೋಬನು ಒಬ್ಬ ಮಗನಿಗೆ ಮಾತ್ರ ಚೆಂದದ ಅಂಗಿ ಮಾಡಿಸಿಕೊಟ್ಟ. ಪ್ರೀತಿಯ ಕೊಡುಗೆಯೇ, ಆದರೆ ಅಣ್ಣಂದಿರ ಎದೆಯಲ್ಲಿ ಹಗೆ ಬೆಳೆಯಿತು, ಜೋಸೆಫನು ದಾಸನಾಗಿ ಮಾರಾಟವಾದ. ನಮ್ಮ ಮನೆಗಳಲ್ಲಿ ಮಗನ ಮಗುವಿಗೊಂದು, ಮಗಳ ಮಗುವಿಗೊಂದು ಎಂಬ ಭೇದವಿಲ್ಲವೇ? ಒಂದೇ ಕುರ್ಚಿ ಮಾಡಲು ಶಕ್ತಿಯಿದ್ದರೆ ಅದರ ಬದಲು ಎಲ್ಲ ಮಕ್ಕಳೂ ಕೂರುವ ಉದ್ದನೆಯ ಬೆಂಚು ಮಾಡಿ.

ಇನ್ನೂ ಕಠಿಣವಾದ ಮಾತೊಂದಿದೆ. ತನ್ನಿಷ್ಟದಂತೆ ಮದುವೆಯಾದಳೆಂದು ಮಗಳ ಮನೆಯ ಹೊಸ್ತಿಲು ತುಳಿಯದ ತಂದೆಯರಿದ್ದಾರೆ. ಆಸ್ತಿಯ ಜಗಳದಲ್ಲಿ ಮಗನೊಡನೆ ಮಾತು ಬಿಟ್ಟವರಿದ್ದಾರೆ. ಆ ಮನೆಯಲ್ಲೊಂದು ಮೊಮ್ಮಗು ಅಜ್ಜನ ಮುಖ ಕಾಣದೆ ಬೆಳೆಯುತ್ತಿದೆ. ಕುರ್ಚಿಯನ್ನು ಬೇರೆಯವರ ಕೈಯಲ್ಲಿ ಕಳುಹಿಸಿ ಸಮಾಧಾನ ಪಟ್ಟುಕೊಳ್ಳಬಹುದೇ? ಬಲಿಪೀಠಕ್ಕೆ ಕಾಣಿಕೆ ತಂದವನು ಅದನ್ನು ಅಲ್ಲೇ ಬಿಟ್ಟು, ಮೊದಲು ಸಹೋದರನೊಡನೆ ರಾಜಿಯಾಗಬೇಕೆಂಬುದು ಪ್ರಭುವಿನ ಅಪ್ಪಣೆ. ಕೊಡುಗೆಯು ಕ್ಷಮೆಯ ಜಾಗವನ್ನು ತುಂಬಲಾರದು. ಆದರೆ ಅಳತೆ ತೆಗೆಯುವ ನೆಪವಾದರೂ ನಿಮ್ಮನ್ನು ಆ ಹೊಸ್ತಿಲಿಗೆ ಕರೆದೊಯ್ಯಲಿ. ತಪ್ಪು ಯಾರದೆಂದು ತೀರ್ಮಾನವಾಗಲಿ ಎಂದು ಕಾಯುತ್ತಾ ಕುಳಿತರೆ ಮಗು ಬೆಳೆದುಬಿಡುತ್ತದೆ.

ಹೌದು, ಮಗು ಬೆಳೆಯುತ್ತದೆ. ಕೆಲವೇ ವರ್ಷಗಳಲ್ಲಿ ಆ ಕುರ್ಚಿ ಅವನಿಗೆ ಸಾಲದು. ಇಟ್ಟುಕೊಳ್ಳಲೆಂದಲ್ಲ, ಬೆಳೆದು ದಾಟಲೆಂದೇ ಕೊಡುವ ಕೊಡುಗೆ ಇದು. ಮೊಮ್ಮಗು ನಮ್ಮ ಋಣದಲ್ಲಿರಲಿ ಎಂದು ಬಯಸದೆ ಕೊಡಲು ಕಲಿತ ದಿನ, ಕೊಡುವುದೆಂದರೇನೆಂದು ನಮಗೆ ದೇವರಂತೆ ತಿಳಿಯಲಾರಂಭಿಸುತ್ತದೆ.

ಕುಟುಂಬದಲ್ಲಿ ಚಿಂತನೆಗೆ:
ಅ. ನಮ್ಮ ಮನೆಯಲ್ಲಿ ಹಿರಿಯರು ಮಾಡಬಹುದಾದ ಯಾವ ಕೆಲಸವನ್ನು ನಾವು ಅವರಿಂದ ಕಿತ್ತುಕೊಂಡಿದ್ದೇವೆ?
ಆ. ಮಕ್ಕಳು ಮೊಮ್ಮಕ್ಕಳಲ್ಲಿ ನಾನು ಭೇದ ಮಾಡುತ್ತಿದ್ದೇನೆಯೇ?
ಇ. ನಾನು ತುಳಿಯಬೇಕಾದ ಹೊಸ್ತಿಲು ಯಾವುದು?

ಪ್ರಾರ್ಥನೆ: ನಜರೇತಿನಲ್ಲಿ ಕೈಕೆಲಸ ಮಾಡಿದ ಪ್ರಭುವೇ, ನಮ್ಮ ಹಿರಿಯರ ಕೈಗಳನ್ನು ಹರಸಿರಿ. ಮುರಿದ ಮನೆಗಳನ್ನು ಮತ್ತೆ ಜೋಡಿಸಿರಿ. ಆಮೆನ್.