ಹಳೇ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಹಾಕೋಣ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಬಂದ ನಮ್ಮಲ್ಲಿ ಹಲವರ ಹತ್ರ ಇರೋದು ಅಣ್ಣನೋ ಅಕ್ಕನೋ ಬಳಸಿ ಬಿಟ್ಟ ಲ್ಯಾಪ್‌ಟಾಪ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಹಳೇ ಮಷೀನ್‌ಗಳಲ್ಲಿ ಸಿಗೋದು ಕಷ್ಟ. ಹೊಸದು ಬೇಕು ಅಂದ್ರೆ ಮನೆಯವರು ಗೋವಿನಜೋಳ ಮಾರಿದ ದುಡ್ಡಿಗೇ ಕೈ ಹಾಕ್ಬೇಕು. ಅದಕ್ಕೂ ಮೊದ್ಲು ಒಂದು ಪೆನ್‌ಡ್ರೈವ್ ಹಿಡ್ಕೊಂಡು ಕೂತು ನೋಡೋಣ.

ಮೊದಲು ರ‍್ಯಾಮ್ ಎಷ್ಟಿದೆ ನೋಡ್ರಿ. 4 ಜಿಬಿ ಇದ್ರೆ ನಮ್ಮ ಆಯ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಲುಬುಂಟು ಇನ್ನೂ ಸ್ವಲ್ಪ ಹಗುರ, ನಿಜ. ಆದ್ರೆ ಲುಬುಂಟು 24.04ಕ್ಕೆ ಅಪ್‌ಡೇಟ್ ಸಿಗೋದು 2027ರ ಏಪ್ರಿಲ್‌ವರೆಗೆ ಮಾತ್ರ, ಮಿಂಟ್ 22ಕ್ಕೆ 2029ರವರೆಗೆ. ಡಿಗ್ರಿ ಮುಗಿಯೋ ತನಕ ಮತ್ತೆ ಇನ್‌ಸ್ಟಾಲ್ ಮಾಡೋ ತಲೆನೋವು ಬೇಡ ಅಂದ್ರೆ ಮಿಂಟೇ ವಾಸಿ. ರ‍್ಯಾಮ್ 2 ಜಿಬಿ ಅಥವಾ ಅದಕ್ಕಿಂತ ಕಡಿಮೆ ಇದ್ರೆ ಆಂಟಿಎಕ್ಸ್. ನೋಡೋಕೆ ಚೆಂದ ಇಲ್ಲ, ಕೆಲಸ ಮಾಡುತ್ತೆ. ಪ್ರೊಸೆಸರ್ 32-ಬಿಟ್ ಆಗಿದ್ರೆ ಉಬುಂಟು ಬಳಗದ ಹೊಸ ಆವೃತ್ತಿಗಳು ಬರೋದೇ ಇಲ್ಲ, ಡೆಬಿಯನ್ 13ರಲ್ಲೂ 32-ಬಿಟ್ ಇನ್‌ಸ್ಟಾಲರ್ ಇಲ್ಲ. ಆಂಟಿಎಕ್ಸ್ 23ರಲ್ಲಿ ಇದೆ. ಪಪ್ಪಿ ಲಿನಕ್ಸ್ ಪೂರ್ತಿ ರ‍್ಯಾಮ್‌ನಲ್ಲೇ ಓಡುತ್ತೆ, ಕೆಟ್ಟ ಮಷೀನ್‌ನಿಂದ ಫೈಲ್ ಹೊರತೆಗೆಯೋಕೆ ಒಳ್ಳೇದು.

ಒಂದು ಮಾತು: ಡೆಸ್ಕ್‌ಟಾಪ್ ಉಳಿಸಿಕೊಟ್ಟ ಕೆಲವು ನೂರು ಎಂಬಿಯನ್ನ ಬ್ರೌಸರ್‌ನ ನಾಲ್ಕೇ ಟ್ಯಾಬ್ ನುಂಗಿಬಿಡುತ್ತೆ. ತಿರುಗೋ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ರೆ ಸಿಗೋ ವೇಗ ಯಾವ ಲಿನಕ್ಸ್ ಬದಲಿಸಿದ್ರೂ ಸಿಗಲ್ಲ.

ಐಎಸ್‌ಒ ಫೈಲ್ ಎರಡು-ಮೂರು ಜಿಬಿ ಇರುತ್ತೆ, ದಿನದ ಡೇಟಾ ಪ್ಯಾಕ್‌ಗೆ ಸಾಲಲ್ಲ. ಕಾಲೇಜಿನ ವೈಫೈನಲ್ಲೇ ಇಳಿಸ್ಕೊಂಡು ಊರಿಗೆ ಹೋಗ್ರಿ. ಪೆನ್‌ಡ್ರೈವ್‌ನಿಂದ ಲೈವ್ ಆಗಿ ಬೂಟ್ ಮಾಡಿ ವೈಫೈ, ಸೌಂಡ್, ಬ್ರೈಟ್‌ನೆಸ್, ಮುಚ್ಚಿ ತೆಗೆದಾಗ ಎಚ್ಚರ ಆಗುತ್ತೋ ಇಲ್ಲೋ, ಎಲ್ಲ ನೋಡ್ರಿ. ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್‌ಗೆ ಡ್ರೈವರ್ ಬೇರೆಯಾಗಿ ಹಾಕ್ಬೇಕು. ಆಗ ಫೋನನ್ನ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಮಾಡಿದ್ರೆ ಇಂಟರ್ನೆಟ್ ಬರುತ್ತೆ. ಬ್ಯಾಟರಿ ಸತ್ತಿದ್ರೆ ಕರೆಂಟ್ ಗ್ಯಾರಂಟಿ ಇರೋ ಹೊತ್ತಲ್ಲೇ ಪಾರ್ಟಿಷನ್ ಮುಟ್ಟಿ, ಅದೂ ಬ್ಯಾಕಪ್ ತಗೊಂಡ ಮೇಲೆ.

ಸಿ, ಪೈಥಾನ್, ಜಾವಾ ಲ್ಯಾಬ್‌ಗೆಲ್ಲ ಯಾವ ತೊಂದ್ರೆನೂ ಇಲ್ಲ. ಮೆಕ್ಯಾನಿಕಲ್, ಸಿವಿಲ್‌ನವರ ಆಟೋಕ್ಯಾಡ್‌ಗೆ ಲಿನಕ್ಸ್ ಆವೃತ್ತಿ ಇಲ್ಲ, ಅದನ್ನ ಕಾಲೇಜಿನ ಲ್ಯಾಬ್‌ನಲ್ಲೇ ಮುಗಿಸ್ಬೇಕು.

ಕನ್ನಡ ಟೈಪ್ ಮಾಡೋಕೆ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕ್ರಿ, ನುಡಿಯಲ್ಲಿ ಬೆರಳು ಪಳಗಿದವರಿಗೆ ಅದರಲ್ಲಿ ಕಗಪ ಕೀಲಿಮಣೆ ಸಿಗುತ್ತೆ. ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್ ಭಂಡಾರದಲ್ಲೇ ಇವೆ.